ಇವತ್ತು ಎಲ್ಲಿ ನೋವು?

"ಮುಟ್ಟಬೇಡ! ಕೈ ತೆಗಿ!"

ಇದಾರಾ ಕಿರುಚಿದ ರಭಸಕ್ಕೆ ಊಯೋ ಪಟ್ಟಣದ ಮಾರುಕಟ್ಟೆಯ ಅರ್ಧ ಬೀದಿ ತಿರುಗಿ ನೋಡಿತು. ಆಟೋದಿಂದ ಇಳಿಯಲು ಹೋದವಳ ಬಲ ಮಂಡಿ ಕಚ್ಚಿಕೊಂಡುಬಿಟ್ಟಿತ್ತು. ಒಂದು ಕಾಲು ಒಳಗೆ, ಒಂದು ಹೊರಗೆ. ಹಿಂದೆ ಹಾರ್ನ್‌ಗಳ ಗಲಾಟೆ. ಎತ್ತಿ ಇಳಿಸಲು ಬಂದ ಆಟೋ ಚಾಲಕ ಉತಿಬೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಆಯ್ತು ಮೇಡಂ, ಒಳಗೇ ಕೂತ್ಕೊಳ್ಳಿ. ಇನ್ನೊಂದು ಸುತ್ತು ಹಾಕ್ಕೊಂಡು ಬರೋಣ. ಅಷ್ಟರಲ್ಲಿ ನಿಮ್ಮ ಮಂಡಿಯ ಕೋಪ ಇಳಿದಿರತ್ತೆ."

ಎರಡನೇ ಸುತ್ತಿಗೆ ಅವಳಿಗೆ ನಗು ಬಂತು. ಮುಂದಿನ ಸುತ್ತಿನಲ್ಲಿ, ನಮ್ಮೂರಿನಲ್ಲಿ ಮನಸ್ಸು ಕೊಡುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಯನ್ನು ಅವನೂ ಕೇಳಿದ.

"ನಿಮ್ಮ ರಕ್ತ ಯಾವುದು?"

"ಎಸ್‌ಎಸ್. ಕುಡುಗೋಲಿನ ಹಾಗೆ ಬಾಗೋ ರಕ್ತಕಣ. ಹುಟ್ಟಿದಾಗಿಂದ ಮೈಯೆಲ್ಲ ನೋವು. ಓಡಬೇಕು ಅಂದ್ರೆ ಈಗಲೇ ಓಡು!"

"ನಾನ್ಯಾಕೆ ಓಡಲಿ? ನಂದು ಎಎ. ಶಾಲೇಲೇ ಪರೀಕ್ಷೆ ಆಗಿದೆ."

ಎಎ ಅಂದರೆ ಹುಟ್ಟುವ ಮಕ್ಕಳಿಗೆ ಈ ಕಾಯಿಲೆ ಬಾರದು. ಆ ಎರಡಕ್ಷರ ಕೇಳಿ ಅವಳ ಅಮ್ಮ ಅಡುಗೆಮನೆಯಲ್ಲೇ ಕುಣಿದಿದ್ದಳು. ರಕ್ತ ಹೊಂದದ ಜೋಡಿಗೆ ಮದುವೆ ಮಾಡಿಸದ ಪಾದ್ರಿಯೂ ಒಪ್ಪಿದ್ದರು. ಮಂಡಿಯ ಆಪರೇಷನ್ ಆಗಿ ಇದಾರಾ ನಡೆಯುವಂತಾದ ಕೂಡಲೇ ಮದುವೆ ಎಂದು ನಿಶ್ಚಯವಾಗಿತ್ತು.

ಆದರೆ ಈಗ ಉತಿಬೆ ನಾಪತ್ತೆ!

ಆಪರೇಷನ್‌ಗೆ ರಕ್ತ ಬೇಕು, ಅದನ್ನು ರೋಗಿಯ ಕಡೆಯವರೇ ಕೊಡಬೇಕು. "ನಾನಿದ್ದೀನಲ್ಲ" ಎಂದು ಅಂಗಿಯ ತೋಳು ಮಡಚಿಕೊಂಡು ಸೋಮವಾರ ರಕ್ತನಿಧಿಗೆ ಹೋದವನು ಆಮೇಲೆ ಫೋನ್ ಕೂಡ ಎತ್ತಲಿಲ್ಲ. ಇವತ್ತು ಶನಿವಾರ.

ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಇದಾರಾಳಿಗೆ ರೇಗಿಹೋಗಿತ್ತು. ಯಾರ ಮೇಲೆ ಅಂತ ಕೇಳಬೇಡಿ, ಎಲ್ಲರ ಮೇಲೂ! ಮೂಳೆ ಸತ್ತು ಸವೆದ ಮಂಡಿಯ ಬದಲು ಹೊಸ ಮಂಡಿ ಹಾಕುತ್ತಾರಂತೆ, ಸರಿ. ಆದರೆ ಮೂಳೆ ಡಾಕ್ಟರು ಕೂರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ಕೂತಿದೆ. ಮಂಡಿ ನೋವಿನವರೆಲ್ಲ ಮೆಟ್ಟಿಲು ಹತ್ತಬೇಕು! ನೀರು ಕುಡಿ, ನೀರು ಕುಡಿ ಅನ್ನುತ್ತಾರೆ, ಶೌಚಾಲಯ ಇರುವುದು ಆ ತುದಿಗೆ. ನೋವಿನ ಔಷಧಿ ಕೇಳಿದರೆ ನರ್ಸಮ್ಮನಿಗೆ ಅನುಮಾನ.

"ನೋವು ಹತ್ತಕ್ಕೆ ಎಷ್ಟಮ್ಮಾ?"

"ಒಂಬತ್ತು."

"ಒಂಬತ್ತು ಇರೋರು ಹೀಗೆ ಕೂತು ಜಡೆ ಹೆಣೀತಾರಾ?"

ಪಕ್ಕದ ಹಾಸಿಗೆಯವಳ ತಲೆಯಲ್ಲಿ ಓಡುತ್ತಿದ್ದ ಇದಾರಾಳ ಬೆರಳುಗಳು ನಿಂತವು. ಜಡೆ ಹೆಣೆಯುವುದು ಅವಳ ಕಸುಬು. ಇದೇ ನೋವಿನಲ್ಲೇ ಅವಳು ಊರಿನ ಅರ್ಧ ಹೆಂಗಸರ ತಲೆ ಹೆಣೆದಿದ್ದಳು. ಹುಟ್ಟಿದಾಗಿನಿಂದ ನೋಯುವವಳು ಪ್ರತಿ ಸಲವೂ ಅತ್ತು ತೋರಿಸಬೇಕೇ?

'ಉತಿಬೆ ಒಂದು ದಿನವೂ ಎಷ್ಟು ಅಂತ ಕೇಳಲಿಲ್ಲ... "ಇವತ್ತು ಎಲ್ಲಿ?" ಅಂತಿದ್ದ. ಅವನಿಗೂ ಸಾಕಾಯ್ತಾ? ಸದಾ ನರಳೋಳು ಯಾರಿಗೆ ಬೇಕು...'

ಅಮ್ಮ ಅಫಾಂಗ್ ಸೊಪ್ಪಿನ ಸಾರು ತಂದಳು. "ತಿನ್ನು. ರಕ್ತ ಸಿಗದಿದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರಂತೆ. ಅವನ ಹೆಸರು ಮಾತ್ರ ನನ್ನ ಮುಂದೆ ಎತ್ತಬೇಡ!"

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಆಟೋ ನಿಲ್ದಾಣದ ಚಾಲಕರು, ಎಲ್ಲರ ತೋಳಿನಲ್ಲೂ ಹತ್ತಿ ಪಟ್ಟಿ. ಅವರ ಹಿಂದೆ ತಲೆ ತಗ್ಗಿಸಿಕೊಂಡು ಉತಿಬೆ.

"ಅಕ್ಕಾ, ರಕ್ತ ಕೊಟ್ಟಾಯ್ತು. ಇನ್ಮೇಲೆ ನೀವು ನಮ್ಮ ಆಟೋ ಥರಾನೇ ಓಡ್ತೀರಿ, ಬ್ರೇಕ್ ಇಲ್ದೆ!" ಎಂದು ಒಬ್ಬ ನಕ್ಕ. ಉಳಿದವರು ಅವನನ್ನು ಹೊರಗೆಳೆದುಕೊಂಡು ಹೋದರು.

ಇದಾರಾ ನಗಲಿಲ್ಲ. "ನಿನ್ನ ಪಟ್ಟಿ ಎಲ್ಲಿ?"

"ನನ್ನ ರಕ್ತ ನಿನಗೆ ಆಗಲ್ಲ ಅಂದ್ರು." ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ. "ನಾನು ಎಎ ಅಲ್ಲ ಇದಾರಾ... ಎಎಸ್! ನನಗೆ ಕಾಯಿಲೆ ಇಲ್ಲ, ಆದ್ರೆ ಅದರ ಬೀಜ ಇದೆ. ಶಾಲೆಯವರು ತಪ್ಪು ಹೇಳಿದ್ರು. ನಮಗೆ ಹುಟ್ಟೋ ಪ್ರತಿ ಮಗುಗೂ ನಿನ್ನ ಕಾಯಿಲೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಪಾದ್ರಿ ಮದುವೆ ಮಾಡಿಸಲ್ಲ. ಯಾವ ಮುಖ ಇಟ್ಕೊಂಡು ಬರಲಿ? ನಿನಗೆ ಹೊಂದೋ ರಕ್ತದೋರನ್ನ ಹುಡುಕಿ ಕರ್ಕೊಂಡು ಬಂದೆ. ಅವರನ್ನ ಬಿಟ್ಟು ಹೊರಟುಹೋಗೋಣ ಅಂತಿದ್ದೆ..."

ಅಮ್ಮ ಹಾಸಿಗೆಯ ಅಂಚಿನಲ್ಲಿ ಕುಸಿದಳು. "ಬೇಡ ಮಗಳೇ... ಇದು ಬೇಡ."

"ಇಬ್ಬರೂ ಸುಮ್ಮನಿರಿ!" ಇದಾರಾಳ ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ನನ್ನ ನೋವು ಎಷ್ಟು ಅಂತ ನರ್ಸು ಹೇಳ್ತಾರೆ. ಮದುವೆ ಆಗಬಹುದಾ ಅಂತ ಪಾದ್ರಿ ಹೇಳ್ತಾರೆ. ನೀನೂ ಅವರ ಸಾಲಿಗೇ ಸೇರ್ಕೊಂಡ್ಯಾ? ನನ್ನನ್ನ ಒಂದು ಮಾತು ಕೇಳಿದ್ಯಾ?"

ಉತಿಬೆ ಬಾಗಿಲತ್ತ ಒಂದು ಹೆಜ್ಜೆ ಸರಿದ. ಇದಾರಾ ಬಿಡಲಿಲ್ಲ.

"ಈ ನೋವನ್ನ ಇನ್ನೊಂದು ಜೀವಕ್ಕೆ ಕೊಡಲ್ಲ ಅಂತ ನಾನು ಚಿಕ್ಕೋಳಿದ್ದಾಗಲೇ ತೀರ್ಮಾನ ಮಾಡಿದ್ದೆ. ನೀನು ಎಎ ಅಂದ್ಯಲ್ಲ, ಒಂಚೂರು ಆಸೆಪಟ್ಟೆ... ಅಷ್ಟೆ. ಮಕ್ಕಳು ಬೇಡ, ನಾನು ಸಾಕು ಅನ್ನೋ ಹಾಗಿದ್ರೆ ಇರು. ಇಲ್ಲಾಂದ್ರೆ ಈಗಲೇ ಓಡು!"

"ನಾನ್ಯಾಕೆ ಓಡಲಿ?" ಉತಿಬೆ ಅಳುತ್ತಲೇ ನಕ್ಕ. "ಪಾದ್ರಿ ಬೇಡ ಅಂದ್ರೆ ನೋಂದಣಿ ಕಚೇರಿ ಇದೆ. ಅದಕ್ಕೆ ಮೆಟ್ಟಿಲೂ ಇಲ್ಲ."

ಅಮ್ಮ ಕಣ್ಣೊರೆಸಿಕೊಂಡು, ಸಾರಿನ ಬಟ್ಟಲನ್ನು ಅವನತ್ತ ಸರಿಸಿ ಹೊರಗೆ ಹೋದಳು.

ಉತಿಬೆ ಹಾಸಿಗೆಯ ಪಕ್ಕ ಬಂದು ನಿಂತ. ಕೈ ಚಾಚಿದ, ಮುಟ್ಟಲಿಲ್ಲ. ಇದಾರಾಳೇ ಆ ಕೈ ಹಿಡಿದುಕೊಂಡಳು.

"ಇವತ್ತು ಎಲ್ಲಿ?"

"ಎಲ್ಲೆಲ್ಲೂ, ಮಾರಾಯ! ಕೂತ್ಕೋ... ಒಂದೊಂದಾಗಿ ಹೇಳ್ತೀನಿ."