ಎಡದ ಎಡವಟ್ಟು

ಗುರುವಾರ ಬೆಳಿಗ್ಗೆ 10.15ಕ್ಕೆ ಅಪರೂಪದ ಸ್ನೀಕರ್‌ಗಳ ಅಂಗಡಿಯೊಡತಿ ಠಾಣೆಗೆ ಬಂದು ದೂರು ಕೊಟ್ಟರು. ಹೆಸರಾಂತ ವಿನ್ಯಾಸಕನೊಬ್ಬ ಸಾಯುವ ಮುನ್ನ ರೂಪಿಸಿದ ಕೊನೆಯ ಜೋಡಿಗಳಲ್ಲಿ ಒಂದು ಅವರ ಬಳಿ ಇತ್ತು. ಅದರಲ್ಲಿ ಎಡಗಾಲಿನ ಶೂ ಮಾತ್ರ ಕಾಣೆಯಾಗಿತ್ತು. ಭಾನುವಾರ ಸಂಜೆ ಆ ಜೋಡಿಯ ಹರಾಜು. ಅದು ನಿಂತರೆ ಅಂಗಡಿ ಮುಚ್ಚಿದಂತೆಯೇ.

"ಯಾವತ್ತಾದ್ರೂ ಹಾಕ್ಕೊಂಡಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಹಾಕ್ಕೊಳ್ಳೋದಾ! ಮುಟ್ಟೋಕೂ ಕೈಗವಸು ಬೇಕು ಸಾರ್. ಒಂದು ಮಡಿಕೆ ಬಿದ್ರೆ ಬೆಲೆಯೂ ಬಿದ್ದ ಹಾಗೆ."

"ಕಾಲಿಗೆ ಶೂ ಇಲ್ಲ, ಕೈಗೆ ಗವಸು!" ಎಂದ ಹೆಡ್ ಕಾನ್‌ಸ್ಟೇಬಲ್. ಯಾರ ದನಿಯನ್ನಾದರೂ ಅನುಕರಿಸಬಲ್ಲ ಆಸಾಮಿ ಅವನು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚನಾಮೆ. ಗಾಜಿನ ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿ ಮಹಡಿಯ ಮನೆಯಲ್ಲಿ ಮೊಳೆಗೆ ನೇತಾಡುತ್ತಿತ್ತು.

"ಮನೇಲಿ ಯಾರ್ಯಾರಿದ್ದೀರಿ?"

"ನಾನು, ನನ್ನ ತಮ್ಮ. ಅವನು ಅಂಗಡಿ ಕಡೆ ತಲೆನೂ ಹಾಕಲ್ಲ. ಬೆಳಗಾದ್ರೆ ಮೈದಾನ."

ಒಂಟಿ ಶೂ ಕದ್ದವನಿಗೆ ಜೊತೆಯದೂ ಬೇಕಾಗುತ್ತದೆ ಎಂಬುದು ಇನ್ಸ್‌ಪೆಕ್ಟರ್ ಲೆಕ್ಕ. ಹೆಡ್ ಕಾನ್‌ಸ್ಟೇಬಲ್ ಅಂಗಡಿಯೊಡತಿಯ ಎದುರೇ ಸಿರಿವಂತ ಮುದುಕನ ದನಿಗೆ ಕೆಮ್ಮು ಬೆರೆಸಿ, ಹಳೇ ಸ್ನೀಕರ್ ಕೊಂಡು ಮಾರುವವರಿಗೆಲ್ಲ ಫೋನ್ ಮಾಡಿದ: "ಬಲಗಾಲಿಂದು ನನ್ನತ್ರ ಇದೆ ಕಣಯ್ಯಾ, ಎಡಗಾಲಿಂದು ಯಾರಾದ್ರೂ ತಂದ್ರೆ ಹೇಳು." ಎರಡು ದಿನ ಕೆಮ್ಮಿದ್ದೇ ಬಂತು.

"ಬಲಕ್ಕೆ ಬಲೆ ಹಾಕಿದ್ವಿ," ಎಂದರು ಇನ್ಸ್‌ಪೆಕ್ಟರ್. "ಕಳ್ಳನಿಗೆ ಬಲ ಬೇಡ್ವೇ ಬೇಡ ಅಂದ್ರೆ?"

ಭಾನುವಾರ ಬೆಳಿಗ್ಗೆ ಅವರು ಮತ್ತೆ ಮಹಡಿ ಹತ್ತಿದರು. ಬಾಗಿಲ ಬಳಿ ತಮ್ಮನ ಮೂರು ಜೊತೆ ಶೂಗಳಿದ್ದವು. ಎಡಗಾಲಿನವು ಸವೆದಿದ್ದವು. ಬಲಗಾಲಿನವುಗಳ ಬೆಲೆಚೀಟಿಯೂ ಹರಿದಿರಲಿಲ್ಲ.

"ತಮ್ಮನ ಬಲಗಾಲು?"

"ಅಪಘಾತದಲ್ಲಿ ಹೋಯ್ತು ಸಾರ್. ಕೃತಕ ಕಾಲು ಕಟ್ಕೊಂಡು ಓಡ್ತಾನೆ. ಇವತ್ತೂ ಪಂದ್ಯ..." ಆಕೆ ಮೊಳೆಯಲ್ಲಿದ್ದ ಕೀಲಿಯತ್ತ ತಿರುಗಿದರು.

ಅಕ್ಕನನ್ನೂ ಹತ್ತಿಸಿಕೊಂಡ ಜೀಪು ಮೈದಾನ ತಲುಪಿದಾಗ ಕೊನೆಯ ಸುತ್ತು. ತಮ್ಮ ಎರಡನೆಯವನಾಗಿದ್ದ. ಬಲಕ್ಕೆ ಬಾಗಿದ ಪಟ್ಟಿಯಂಥ ಕೃತಕ ಕಾಲು, ಎಡಕ್ಕೆ ಕಳವಾದ ಶೂ.

"ಅಯ್ಯೋ, ಮಡಿಕೆ!" ಅಕ್ಕ ಚೀರಿದರು.

ನುಗ್ಗಹೊರಟ ಹೆಡ್ ಕಾನ್‌ಸ್ಟೇಬಲ್‌ನ ತೋಳನ್ನು ಇನ್ಸ್‌ಪೆಕ್ಟರ್ ಹಿಡಿದರು. "ಗೆರೆ ದಾಟಲಿ ಇರಯ್ಯಾ."

ತಮ್ಮ ಮುಂದಿನವನ ಹೆಗಲಿಗೆ ಹೆಗಲು ತಂದ. ಅಕ್ಕನ ದನಿ ಬದಲಾಯಿತು: "ಓಡೋ! ಬಿಡಬೇಡ, ಓಡೋ!"

ಅವನೇ ಮೊದಲು ಗೆರೆ ದಾಟಿದ. ಹೆಡ್ ಕಾನ್‌ಸ್ಟೇಬಲ್ ವೀಕ್ಷಕ ವಿವರಣೆಗಾರನ ದನಿ ತೆಗೆದ: "ಮೊದಲ ಸ್ಥಾನದಲ್ಲಿ... ಮೊದಲನೇ ಆರೋಪಿ!"

9.40ಕ್ಕೆ ಬಂಧನ. ಶೂ ಜಪ್ತಿ.

"ಇನ್ನೊಂದನ್ನ ಯಾಕೆ ಬಿಟ್ಟೆ?"

"ನಂಗ್ಯಾಕೆ ಸಾರ್? ಕಳ್ಳ ಇರಬಹುದು, ದುರಾಸೆಯವನಲ್ಲ."

ಮಿಕ್ಕಿದ್ದನ್ನು ಠಾಣೆಯಲ್ಲಿ ಹೇಳಿದ. ಆ ಜೋಡಿಗಾಗಿ ಅಕ್ಕ, ತಮ್ಮ ಒಟ್ಟಿಗೇ ಸರದಿಯಲ್ಲಿ ನಿಂತಿದ್ದರು. ಆಗ ಅವನಿಗೆ ಎರಡೂ ಕಾಲಿದ್ದವು. ಪಂದ್ಯಕ್ಕೆ ಒಮ್ಮೆ ಕೊಡು ಎಂದು ಕಳೆದ ವಾರ ಕೇಳಿದಾಗ ಅಕ್ಕ ನಕ್ಕಿದ್ದರು: "ಒಂಟಿ ಕಾಲಿಗೆ ಜೋಡಿ ಯಾಕೋ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಸಿರಿವಂತ ಮುದುಕನ ದನಿ: ಪಂದ್ಯ ನೋಡಿದೆ, ಹರಾಜಿನವರೆಗೆ ಕಾಯಲಾರೆ, ಗೆದ್ದ ಶೂ ಬೇಕು, ಮಡಿಕೆ ಸಮೇತ, ಕೇಳಿದಷ್ಟು ಬೆಲೆಗೆ. ಆಕೆ ಹೆಡ್ ಕಾನ್‌ಸ್ಟೇಬಲ್‌ನತ್ತ ದುರುಗುಟ್ಟಿ ನೋಡಿದರು. ಅವನು ಎದುರಿಗೇ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಆಕೆ ಗಂಟಲು ಸರಿಮಾಡಿಕೊಂಡರು. "ಎಡಗಾಲಿಂದು ಮಾರೋಕಿಲ್ಲ. ಕೇಸ್ ಮುಗಿದ ಮೇಲೆ ಅದು ಅದರ ಯಜಮಾನನ ಕಾಲಿಗೆ. ಬಲಗಾಲಿಂದು ಮಾತ್ರ ಇದೆ."

ಆ ಕಡೆಯಿಂದ ಒಂದು ಕೆಮ್ಮು.

"ಸರಿ, ಅದಕ್ಕೆಷ್ಟು?"