ಬಾಗಿಲತ್ತ ಹೊರಳುವ ಆಸನ

ಬೀಜದಲ್ಲಿ ವೃಕ್ಷವನ್ನೂ ವೃಕ್ಷದಲ್ಲಿ ನೆರಳನ್ನೂ ಅಡಗಿಸಿಟ್ಟ ವಿಶ್ವಕರ್ತನಿಗೆ ತಲೆಬಾಗಿ, ಕಬ್ಬಿಣದ ನಡುವೆ ಅರಳಿದ ಒಲವೊಂದರ ಕಥೆಯನ್ನು ನಿವೇದಿಸುತ್ತೇನೆ.

ಮೊಣಕಾಲು ಸೋತವರು ಕಾರಿನಿಂದಿಳಿಯಲು ಪಡುವ ಪಾಡನ್ನು ಕಂಡು, ಬಾಗಿಲತ್ತ ತಾನೇ ಹೊರಳುವ ಆಸನವೊಂದನ್ನು ಯುವಕನೊಬ್ಬನು ರೂಪಿಸಿದ್ದನು. ಅದನ್ನು ಕೊಳ್ಳುವವರನ್ನು ಹುಡುಕುವ ಹೊಣೆ ಅವನೊಡನೆ ದುಡಿಯುವ ಯುವತಿಯದು. ಇಬ್ಬರಿಗೂ ಶೆಡ್ಡು ಒಂದೇ, ಕನಸೂ ಒಂದೇ. ಆದರೆ ಅವನಿಗೆ ಯಾವ ಕೆಲಸವೂ ಮುಗಿಯಿತೆನಿಸದು. ಅವಳಿಗೆ ಕಾಯಲು ಪುರುಸೊತ್ತಿಲ್ಲ. ಅವಳ ತಂದೆ ಅವನಿಗೆ ‘ತಿದ್ದುಪಡಿ ಪಂಡಿತ’ ಎಂದು ಹೆಸರಿಟ್ಟಿದ್ದರು.

ಆ ಬೆಳಿಗ್ಗೆ ಟ್ಯಾಕ್ಸಿ ಸಂಸ್ಥೆಯೊಂದರ ಒಡತಿ ಆಸನವನ್ನು ನೋಡಲು ಬರುವವರಿದ್ದರು. ಅವರೂ ಬೇಡವೆಂದರೆ ಶೆಡ್ಡಿಗೆ ಬೀಗ. ಇವರ ದಾರಿಯೂ ಎರಡಾಗುವುದು. ಅವಳು ಬಂದು ನೋಡಿದರೆ, ಆಸನ ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿತ್ತು.

“ಇವತ್ತು ಕೈ ಹಚ್ಚಬೇಡಿ ಅಂತ ಕೈ ಮುಗಿದು ಹೇಳಿದ್ದೆ.”

“ಸ್ವಲ್ಪ ಬಾಕಿ ಇತ್ತು.”

“ನಿಮ್ಮ ಸ್ವಲ್ಪಕ್ಕೆ ಕೊನೆ ಮೊದಲಿದೆಯಾ? ನಿನ್ನೆ ಅಪ್ಪ ಕೂತು, ಚೆನ್ನಾಗಿದೆ ಅಂದರಲ್ಲ.”

“ಬಾಯಿ ಅಂದಿತು, ಕೈ ಅನ್ನಲಿಲ್ಲ,” ಎಂದನು ಅವನು ತಲೆಯೆತ್ತದೆ. “ಸೀಟು ತಿರುಗಿದಾಗ ಅವರು ಬಾಗಿಲಿನ ಅಂಚು ಹಿಡ್ಕೊಂಡರು. ಬೆರಳು ಬೆಳ್ಳಗಾಗಿತ್ತು. ನೀವು ನೊಂದ್ಕೋತೀರ ಅಂತ ಅವರು ಹೇಳಲಿಲ್ಲ, ಅಷ್ಟೆ.”

ಮಗಳು ಕಾಣದ ತಂದೆಯ ಭಯವನ್ನು ಅವನ ಕಣ್ಣು ಕಂಡಿತ್ತು. ಅವಳ ಕೋಪ ಬೆಣ್ಣೆಯಂತೆ ಕರಗಿತು. ನೆಲದ ಮೇಲೆಯೇ ಕುಳಿತು, “ಸ್ಪ್ಯಾನರ್ ಎಲ್ಲಿ?” ಎಂದಳು.

ಹಿಡಿಯಲೊಂದು ಹಿಡಿಕೆ, ಹೊರಳುವ ವೇಗಕ್ಕೊಂದು ತಡೆ ಸೇರಿಸಬೇಕಿತ್ತು. ಅವಳು ಬೋಲ್ಟು ಎತ್ತಿಕೊಡುತ್ತಿದ್ದಳು. ಅವನ ದೃಷ್ಟಿ ಅವಳ ಕೆನ್ನೆಗಂಟಿದ ಗ್ರೀಸಿನಲ್ಲಿ ನೆಟ್ಟಿತ್ತು.

“ಬೋಲ್ಟು ಇಲ್ಲಿದೆ ಸ್ವಾಮಿ, ಕೆನ್ನೆ ಮೇಲಲ್ಲ.”

ಒಡತಿ ಬಂದಾಗ ಆಸನ ಶೆಡ್ಡಿನ ಹಳೆಯ ಕಾರಿನೊಳಗೆ ಕೂತಿತ್ತು, ಆದರೆ ಅದಕ್ಕೆ ಹೊದಿಕೆ ಹಾಕಿರಲಿಲ್ಲ. “ಒಂದು ವಾರ ಕೇಳೋಣವಾ?” ಎಂದು ಅವನು ಪಿಸುಗುಟ್ಟಿದನು.

“ಬೇಡ. ಇದ್ದ ಹಾಗೇ ತೋರಿಸೋಣ.”

ಅಷ್ಟರಲ್ಲಿ ಬಂದಿದ್ದ ಅವಳ ತಂದೆ ಅದರಲ್ಲಿ ಕುಳಿತರು. ಸೂರ್ಯನತ್ತ ಮೊಗ್ಗು ತಿರುಗುವಂತೆ ಆಸನ ಮೆಲ್ಲನೆ ಹೊರಳಿತು. ಹಿಡಿಕೆಯ ಮೇಲೆ ಅವರ ಕೈ ಸಡಿಲವಾಗಿತ್ತು. “ನಿನ್ನೆ ಜೀವ ಬಾಯಿಗೆ ಬಂದಿತ್ತು ಕಣಮ್ಮ. ಇವತ್ತು ಉಯ್ಯಾಲೆ.”

ಒಡತಿ ನಕ್ಕರು. “ಮೊದಲು ನಮ್ಮತ್ತೆ ಕೂರೋ ಕಾರಿಗೆ ಹಾಕಿ. ಅವರು ಒಪ್ಪಿದರೆ ಊರೇ ಒಪ್ಪಿದ ಹಾಗೆ. ಮಿಕ್ಕ ಕಾರು ಆಮೇಲೆ ಕಳಿಸ್ತೀನಿ. ಕವರಿಗೇನು ಅವಸರ?”

ಒಡತಿ ಹೋದ ಮೇಲೆ ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು: “ನೀವು ನನಗೇನೋ ಹೇಳೋಕೆ ಬಾಯಿ ತೆಗೀತೀರ, ಮತ್ತೆ ಮುಚ್ಚುತೀರ. ಏನದು?”

“ಇನ್ನೂ ತಿದ್ದುತಾ ಇದ್ದೀನಿ.”

“ಕವರಿಲ್ಲದೇನೇ ಕೊಡಿ. ಬೇಕಾದರೆ ಮುಂದೆ ಇಬ್ಬರೂ ಸೇರಿ ತಿದ್ದೋಣ.”

ಅವನು ಸ್ಪ್ಯಾನರನ್ನು ಕೆಳಗಿಟ್ಟನು. “ನೀವಿಲ್ಲದಿದ್ದರೆ ನನ್ನ ಯಾವ ಕೆಲಸವೂ ಈ ಬಾಗಿಲು ದಾಟಲ್ಲ. ನಾನೂ ದಾಟಲ್ಲ.”

ಗ್ರೀಸಿನ ಬೆರಳುಗಳು ಗ್ರೀಸಿನ ಬೆರಳುಗಳನ್ನು ಹುಡುಕಿಕೊಂಡವು. “ಇದನ್ನು ಮಾತ್ರ ತಿದ್ದಬೇಡಿ,” ಎಂದಳು.

ಕಾರಿನೊಳಗಿಂದ ಕೆಮ್ಮು ಕೇಳಿಸಿತು. “ಪಂಡಿತರೇ, ನನ್ನನ್ನ ಸ್ವಲ್ಪ ಆ ಕಡೆ ತಿರುಗಿಸಿಬಿಡಿ. ಹುಡುಗಿ ಅಪ್ಪ ನಾನು, ಇದನ್ನೆಲ್ಲ ನೋಡಬಾರದು.”

ಆಸನ ಸದ್ದಿಲ್ಲದೆ ಹೊರಳಿತು.

ಇದನ್ನು ಕೇಳಿದವರೆಲ್ಲರ ಪಯಣ ಸುಗಮವಾಗಲಿ. ಇಳಿಯುವಲ್ಲಿ ಹಿಡಿಯಲೊಂದು ಕೈ ದೊರೆಯಲಿ.