ಎರಡನೇ ಅಂಕದಲ್ಲಿ ಎದ್ದು ಹೋಗುವವನು

"ನಮ್ಮ ನಾಟಕ ಅಷ್ಟೊಂದು ಬೇಜಾರಾ ನಿಮಗೆ?"

ರಂಗಮಂದಿರದ ಮೆಟ್ಟಿಲಿಗೆ ಅಡ್ಡ ನಿಂತು ಕೇಳಿದವಳು ಅಲ್ಲಿಯ ಲೈಟಿಂಗ್ ನೋಡಿಕೊಳ್ಳುವವಳು. ಸಿಕ್ಕಿಬಿದ್ದವನು ಗಡಿಯಾರ ರಿಪೇರಿಯವನು. ಹಿಂದೊಮ್ಮೆ ಅವಳು ನಿಂತುಹೋದ ವಾಚು ತಂದಿದ್ದಳು. ವಾಚು ಸರಿಹೋಯಿತು, ಇವನು ಕೆಟ್ಟ. ಅಂದಿನಿಂದ ಒಂದೇ ನಾಟಕವನ್ನು ಐದು ಶನಿವಾರ ನೋಡಿದ್ದಾನೆ.

"ಎರಡನೇ ಅಂಕ ಶುರುವಾದರೆ ಸಾಕು, ಬಾಗಿಲ ಪಕ್ಕದ ಸೀಟಿಂದ ಎದ್ದು ಹೋಗ್ತೀರಿ. ಅದೂ ಮೂರು ಮೂರು ಸಲ. ಮೇಲಿನ ಕೋಣೆಯಿಂದ ನನಗೆಲ್ಲಾ ಕಾಣುತ್ತೆ. ನಿಮ್ಮಿಂದಾಗಿ ಆ ದೃಶ್ಯದ ಬೆಳಕು ನಾಲ್ಕು ಸಲ ಬದಲಾಯಿಸಿದೆ. ನೀಲಿ ಹಾಕಿದೆ, ಹೋದಿರಿ. ಹಳದಿ ಹಾಕಿದೆ, ಇನ್ನೂ ಬೇಗ ಹೋದಿರಿ. ನಿರ್ದೇಶಕರು ನನಗೆ ತಲೆ ಕೆಟ್ಟಿದೆ ಅಂತಿದ್ದಾರೆ."

ಫೋನ್ ಬರ್ತಿತ್ತು ಅನ್ನಬಹುದಿತ್ತು. ಇಂಥದ್ದನ್ನೆಲ್ಲ ಮದುವೆಯಾಗಿ ವರ್ಷ ಕಳೆದ ಮೇಲೆ ಹೇಳಿದರಾಯ್ತು ಎಂಬುದು ಅವನ ಅಕ್ಕನ ಬುದ್ಧಿವಾದ. ಆದರೆ ತನಗೋಸ್ಕರ ನಾಲ್ಕು ಸಲ ಬೆಳಕು ಬದಲಾಯಿಸಿದವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿಮ್ಮ ಬೆಳಕಿನ ತಪ್ಪಲ್ಲ. ನನ್ನ ಹೊಟ್ಟೆಯದು."

ಹೇಳಿಬಿಟ್ಟ. ದೊಡ್ಡ ಕರುಳು ಹುಣ್ಣಾಗಿ ತೆಗೆಸಿ ಏಳು ವರ್ಷ. ಸಣ್ಣ ಕರುಳಿನ ತುದಿಯನ್ನೇ ಮಡಿಸಿ ಹೊಲಿದು ಡಾಕ್ಟರು ಒಳಗೊಂದು ಚೀಲ ಮಾಡಿಕೊಟ್ಟಿದ್ದಾರೆ. ಆ ಚೀಲ ಆಗಾಗ ಊದಿಕೊಳ್ಳುತ್ತದೆ. ಪೌಚೈಟಿಸ್ ಅಂತ ಹೆಸರು. ಆಗ ದಿನಕ್ಕೆ ಹದಿನೈದು ಸಲ ಓಡಬೇಕು. ಎರಡು ವಾರ ಆಂಟಿಬಯೋಟಿಕ್ ನುಂಗಿದರೆ ಹತೋಟಿಗೆ ಬರುತ್ತದೆ. ಈ ವರ್ಷ ಇದು ಮೂರನೇ ಸಲ. ತಾನಾಗಿ ಹೋದೀತೆಂದು ಐದು ವಾರ ಕಾದು, ನಿನ್ನೆಯಷ್ಟೇ ಮಾತ್ರೆ ಶುರುಮಾಡಿದ್ದಾನೆ.

ಇದೇ ಕಥೆ ಕೇಳಿ ಹಿಂದೊಬ್ಬಳು ಬಹಳ ಮರ್ಯಾದೆಯಿಂದ ದೂರವಾಗಿದ್ದಳು. ಇವಳ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ಅಂದರೆ... ಬೆಳಕು ಚೆನ್ನಾಗಿತ್ತಾ?"

"ಮೊದಲು ಹಾಕಿದ್ದೇ ಚೆನ್ನಾಗಿತ್ತು."

"ಅಬ್ಬಾ," ಎಂದು ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಆಮೇಲೆ ಕಿವಿಯವರೆಗೂ ಕೆಂಪಾಗಿ, "ಕ್ಷಮಿಸಿ. ಮೊದಲು ಹೊಟ್ಟೆ ವಿಚಾರ ಕೇಳಬೇಕಿತ್ತು."

"ಪರವಾಗಿಲ್ಲ. ಅದನ್ನ ಎಲ್ಲರೂ ಕೇಳ್ತಾರೆ."

ಅವಳು ಓರೆನೋಟದಲ್ಲಿ ಅವನನ್ನು ಅಳೆದಳು. "ಏನು ತಿಂತೀರಿ ಮತ್ತೆ?"

"ಮೆತ್ತಗಿನ ಅನ್ನ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಖಾರ, ಕಾಫಿ, ಹಸಿ ತರಕಾರಿ ನನಗೆ ಆಗಲ್ಲ."

"ಒಟ್ಟಿನಲ್ಲಿ ಸಪ್ಪೆ ಮನುಷ್ಯ."

"ಸಪ್ಪೆಯಾದರೂ ಎಲ್ಲಿ? ಈ ಮಾತ್ರೆಗೆ ಬಾಯಲ್ಲಿ ಸದಾ ಹಿತ್ತಾಳೆ ತಿರುಪು ಇಟ್ಟುಕೊಂಡ ಹಾಗಿರುತ್ತೆ."

ಮರುದಿನ ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಅದರ ಮರುದಿನವೂ. ಅವನು ಒಳಗೆ ಓಡಿದಾಗ ಗಿರಾಕಿಗಳಿಗೆ ಗಂಭೀರವಾಗಿ, "ಸಣ್ಣದೊಂದು ಸ್ಪ್ರಿಂಗ್ ಹುಡುಕ್ತಿದ್ದಾರೆ, ಕೂತ್ಕೊಳ್ಳಿ," ಎನ್ನುತ್ತಿದ್ದಳು. ಒಂಬತ್ತನೇ ದಿನ ಹರಟುತ್ತಾ ಹರಟುತ್ತಾ ಒಂದೂವರೆ ಗಂಟೆ ಕಳೆದದ್ದು, ಅಷ್ಟು ಹೊತ್ತೂ ಅವನು ಏಳದೇ ಇದ್ದದ್ದು, ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ಇನ್ನೊಂದು ಚಮಚ ಅನ್ನ ಬಡಿಸಿದಳು.

ಹದಿನೈದನೇ ದಿನ ಡಾಕ್ಟರು ಊತ ಇಳಿದಿದೆ ಎಂದರು. ಖುಷಿಯಿಂದ ಹೇಳಬೇಕಾದವನು ಹೆಣ ಹೊತ್ತವನಂತೆ ಅಂಗಡಿಗೆ ಬಂದು, ಡಬ್ಬಿ ಹಿಡಿದು ಕಾಯುತ್ತಿದ್ದ ಅವಳೆದುರು ನಿಂತ.

"ಈಗ ಹೋಗಿದೆ. ಆದರೆ ಮತ್ತೆ ಬರುತ್ತೆ. ಬರೋ ವರ್ಷಾನೂ ಬರಬಹುದು, ಆಮೇಲೂ. ಈಗಲೇ ಹೇಳಿಬಿಡ್ತೀನಿ. ಹೋಗೋದಾದರೆ ಈಗಲೇ..."

"ಮುಂದಿನ ಸಲ ಐದು ವಾರ ಮುಚ್ಚಿಡಬೇಡ," ಎಂದಳು ಅವಳು. "ಮೊದಲನೇ ದಿನಾನೇ ಹೇಳು."

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೇ. ಉಳಿದ ಜಗಳ ಮದುವೆಯಾದ ಮೇಲೆ."

ಅವನು ಅವಳ ಕೈ ಹಿಡಿದ. ಬಾಗಿಲಲ್ಲಿ ಗಿರಾಕಿಯೊಬ್ಬರು ಕೆಮ್ಮಿ, ಗೋಡೆ ಗಡಿಯಾರ ಎತ್ತಿ ತೋರಿಸಿ, ಯಾವಾಗ ಆಗುತ್ತೆ ಎಂದು ಕೇಳಿದರು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಇವತ್ತು ಕಷ್ಟ," ಎಂದಳು. "ನಾಳೆ ಬನ್ನಿ."